ಐನೂರ ಇಪ್ಪತ್ಮೂರರಲ್ಲಿ ಒಂದು

ಈರಿ, ಪೆನ್ಸಿಲ್ವೇನಿಯಾ
23 ನವೆಂಬರ್ 2003

ಲಾಯ್ಡ್,

…ಒಳಗೆ ಕರೆಯುವುದಾದರೆ ಕರೆಯಬೇಕು, ಇಲ್ಲವಾದರೆ ಬಾಗಿಲು ಹಾಕಿಕೊಳ್ಳಬೇಕು, ಹದಿನೈದು ವರ್ಷ ಒಬ್ಬನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಅವನ ಬೂಟು ನೋಡುತ್ತ ಕೂರಬಾರದು. ಇದನ್ನು ಹೇಳಿದ್ದು ನೀನೋ, ಅಥವಾ ನಾನೇ ಹೇಳಿ ನಿನ್ನ ತಲೆಗೆ ಕಟ್ಟಿದ್ದೋ, ಈಗ ಸರಿಯಾಗಿ ನೆನಪಿಲ್ಲ. ಈ ಬೆಳಿಗ್ಗೆ ಮೆಟ್ಟಿಲ ಮೇಲಿನ ಹಿಮ ಕೆರೆಯುವಾಗ ಅರ್ಧ ಮಾತು ತಲೆಗೆ ಬಂತು. ಉಳಿದರ್ಧವನ್ನು ಬಹುಶಃ ನಾನು ಜೋಡಿಸಿರಬೇಕು.

ನೀವು ಪತ್ರಕರ್ತರು ಮತ ಹಾಕಬೇಕಾದ ಈ ವರ್ಷದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಪಟ್ಟಿ ಪತ್ರಿಕೆಯಲ್ಲಿ ಬಂದಿದೆ. ಎಂದಿನಂತೆ ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ನಾಲ್ಕು ದಿನದಿಂದ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತಿದ್ದೇವೆ. ಮತ ಹಾಕುವ ನಾಲ್ಕು ಜನರಲ್ಲಿ ಮೂವರು ಒಂದೇ ಮಾತಿಗೆ ಒಪ್ಪಬೇಕು ಎಂದು ನಿಯಮ ಮಾಡಿದವನು ಖಂಡಿತ ಮದುವೆಯಾದವನಲ್ಲ ಎನ್ನುತ್ತಾಳೆ ವೆರಾ.

ನನ್ನ ಅಂದಾಜು ಹೀಗಿದೆ. ಚೆಂಡೆಸೆಯುವ ಅಮೋಸ್ ಟ್ರೆಡ್‌ವೆಲ್ ಇನ್ನೂರ ಎಂಬತ್ತೊಂದು ಪಂದ್ಯ ಗೆದ್ದಿದ್ದಾನೆ. ಮುನ್ನೂರಕ್ಕೆ ಹತ್ತೊಂಬತ್ತು ಕಡಿಮೆ. ಅವನದು ಮೊದಲ ವರ್ಷ. ನೂರಕ್ಕೆ ಐವತ್ತು ಬರುತ್ತದೆ, ನಾಲ್ಕೈದು ವರ್ಷದಲ್ಲಿ ಒಳಗೆ ಹೋಗುತ್ತಾನೆ, ಅಷ್ಟರಲ್ಲಿ ಅವನಿಗೂ ಬೇಸರ ಬಂದಿರುತ್ತದೆ. ಎಲಾಡಿಯೊ ಬುರ್ಗೋಸ್‌ನದು ನಾನೂರ ಹನ್ನೆರಡು ಹೋಮ್ ರನ್. ಆದರೆ ಅವನು ನಿಮ್ಮ ಬರಹಗಾರರ ಜೊತೆ ಮಾತಾಡುತ್ತಿರಲಿಲ್ಲ. ನಿಮ್ಮವರ ನೆನಪು ದೊಡ್ಡದು. ನಲವತ್ತಕ್ಕಿಂತ ಮೇಲೆ ಹೋಗುವುದಿಲ್ಲ.

ಇನ್ನು ನಮ್ಮ ವೆಂಡೆಲ್ ಕ್ರೋಲ್. ಹದಿನೆಂಟು ವರ್ಷ ಎರಡನೇ ಬೇಸಿನಲ್ಲಿ ನಿಂತವನು. ಎರಡು ಸಾವಿರದ ಆರುನೂರ ಹದಿನಾಲ್ಕು ಹಿಟ್. 1974ರಲ್ಲಿ ಇಡೀ ಲೀಗಿನಲ್ಲೇ ಹಿಟ್‌ಗಳ ಅತಿ ಹೆಚ್ಚು ಸರಾಸರಿ. ಪಟ್ಟಿಯಲ್ಲಿ ಇದು ಅವನ ಹದಿನೈದನೇ ವರ್ಷ, ಕೊನೆಯದು. ಕಳೆದ ವರ್ಷ ನೂರಕ್ಕೆ ಅರವತ್ತೆಂಟು ಬಂದಿತ್ತು. ಕೊನೆಯ ವರ್ಷದವರಿಗೆ ನಿಮ್ಮ ಜನ ಸ್ವಲ್ಪ ಮೆತ್ತಗಾಗುತ್ತಾರೆ. ಹಿಂದಿನ ಮೂವತ್ತು ವರ್ಷದ್ದನ್ನು ತೆಗೆದು ನೋಡಿದ್ದೇನೆ. ಐನೂರ ಇಪ್ಪತ್ತು ಚಿಲ್ಲರೆ ಮತಪತ್ರ ಬಂದರೆ ಅವನಿಗೆ ನಾನೂರ ಐದು. ಹನ್ನೆರಡು ಮತ ಮಿಕ್ಕುತ್ತವೆ. ಈ ಸಲ ಆಗುತ್ತದೆ, ಲಾಯ್ಡ್.

ಮೊನ್ನೆ ಅವನ ಅಂಗಡಿಗೆ ಹೋಗಿದ್ದೆ. ಕೊಲ್ಲಿಯ ದಂಡೆಯಲ್ಲಿ ಈಗಲೂ ಹುಳು, ಗಾಳ, ಮಂಜುಗಡ್ಡೆ ಕೊರೆಯುವ ಬೈರಿಗೆ ಮಾರಿಕೊಂಡಿದ್ದಾನೆ. ನಾನು ಮೀನು ಹಿಡಿಯುವವನಲ್ಲ ಎಂಬುದು ಅವನಿಗೆ ಗೊತ್ತು. ಒಂದು ಡಬ್ಬಿ ಹುಳು ಕೊಟ್ಟ. ತಂದು ಹಿತ್ತಿಲಲ್ಲಿ ಬಿಟ್ಟೆ.

ನಿನ್ನ ಮತವನ್ನು ನಾನೂರ ಐದರಲ್ಲಿ ಸೇರಿಸಿದ್ದೇನೆ.

ನಿನ್ನ,
ಎಮಿಲ್ ಹುಡಾಕ್


ಟೂಸಾನ್, ಅರಿಜೋನಾ
5 ಡಿಸೆಂಬರ್ 2003

ಎಮಿಲ್,

ನಾನೂರ ಐದರಿಂದ ಒಂದನ್ನು ಕಳೆ.

ಮತಪತ್ರ ಮಂಗಳವಾರ ಬಂತು. ಮೂರು ದಿನದಿಂದ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದೇನೆ. ಜಾಯ್ಸ್ ಪ್ರತಿ ಸಲ ಕಾಫಿ ಮಾಡುವಾಗಲೂ ಅದನ್ನು ಎತ್ತಿ ಆಚೆ ಇಡುತ್ತಾಳೆ, ನಾನು ಮತ್ತೆ ಈಚೆ ಇಡುತ್ತೇನೆ. ಏನಾಗಿದೆ ಎಂದು ಅವಳು ಕೇಳಿಲ್ಲ. ನಲವತ್ತು ವರ್ಷ ಪತ್ರಿಕೆಯವನ ಜೊತೆ ಬಾಳಿದವಳು. ಕೇಳದಿದ್ದರೆ ಒಂದು ದಿನ ತಾನಾಗಿ ಅಚ್ಚಾಗುತ್ತದೆ ಎಂದು ಗೊತ್ತು.

ನೀನು ಇಪ್ಪತ್ತೇಳು ವರ್ಷದ ಹಿಂದೆ ನನ್ನ ಅಂಕಣ ಓದಿ ಮೊದಲ ಪತ್ರ ಬರೆದಿದ್ದೆಯಲ್ಲ, "ಕ್ರೋಲ್ ಬಗ್ಗೆ ಬರೆಯುವಾಗ ನಿಮ್ಮ ಪೆನ್ನು ಯಾಕೆ ತಡವರಿಸುತ್ತದೆ, ಅವನು ನಿಮಗೇನು ಮಾಡಿದ್ದಾನೆ" ಎಂದು. ಅದಕ್ಕೆ ಏನೋ ಜಾಣ ಉತ್ತರ ಕೊಟ್ಟಿದ್ದೆ. ನಿಜವಾದ ಉತ್ತರ ಇದು.

ಆ ಕಾಲದಲ್ಲಿ ತವರು ಮೈದಾನದ ಆಟಗಳಿಗೆ ಅಂಕ ಬರೆಯುವ ಅಧಿಕೃತ ಕೆಲಸವೂ ನಮ್ಮಂಥ ಪತ್ರಿಕೆಯವರದೇ ಆಗಿತ್ತು. 1974ರ ಆಟದ ಋತುವಿನ ಕೊನೆಯ ಭಾನುವಾರ ಬರೆಯುತ್ತಿದ್ದವನು ನಾನು. ಸರಾಸರಿಯ ಪಟ್ಟಕ್ಕೆ ಕ್ರೋಲ್‌ಗೂ ಚಿಕಾಗೋದ ಲೆಸ್ಟರ್ ಬೋಮ್‌ಗೂ ಕೂದಲೆಳೆಯ ಅಂತರ. ಬೋಮ್‌ನ ಆಟ ಮುಗಿದಿತ್ತು, ಅವನ ಅಂಕಿ ನಮ್ಮ ಮುಂದಿತ್ತು. ಎಂಟನೇ ಸರದಿಯಲ್ಲಿ ಕ್ರೋಲ್ ಒಂದನ್ನು ನೆಲಕ್ಕೆ ಹೊಡೆದ. ಚೆಂಡು ಉರುಳಿಕೊಂಡು ನೇರ ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನವನ ಬಳಿ ಹೋಯಿತು. ನಮ್ಮ ಓಣಿಯ ಹುಡುಗಿಯರೂ ಹಿಡಿಯುವ ಚೆಂಡು. ಅವನ ಕೈಗವಸಿಗೆ ಬಡಿದು ಆಚೆ ಬಿತ್ತು. ಹಿಟ್ ಎಂದು ಬರೆದರೆ ಹೊಡೆದವನ ಲೆಕ್ಕಕ್ಕೆ, ಎರರ್ ಎಂದು ಬರೆದರೆ ಬಿಟ್ಟವನ ತಲೆಗೆ. ಬರೆಯಬೇಕಾದವನು ಒಬ್ಬನೇ. ಮೂವತ್ತು ಸಾವಿರ ಜನ ನನ್ನ ಕಡೆ ತಿರುಗಿ ನೋಡುತ್ತಿದ್ದ ಹಾಗೆ ಅನಿಸಿತು. ನಾನು ಹಿಟ್ ಎಂದೆ.

ಅದೊಂದರಿಂದ ಪಟ್ಟ ಅವನಿಗೆ ಬಂತು. ನೀನು ಪ್ರತಿ ವರ್ಷ ಅವನ ಪರವಾಗಿ ಬರೆಯುವ ಪತ್ರದಲ್ಲಿ ಆ 1974 ಇರುತ್ತದೆ. ನಾನೂ ಹದಿನಾಲ್ಕು ವರ್ಷ ಅವನ ಹೆಸರಿನ ಮುಂದೆ ಗುರುತು ಹಾಕಿದೆ. ಹೇಗೂ ಬರುವುದಿಲ್ಲ ಎಂದು ಗೊತ್ತಿದ್ದವನಿಗೆ ಮತ ಹಾಕುವುದು ಸುಲಭ. ಈ ವರ್ಷ ಬರುತ್ತದೆ ಎನ್ನುತ್ತಿದ್ದೀಯ. ನಾನು ಅವನಿಗೆ ಒಂದು ಸಲ ಮತ ಹಾಕಿಯಾಗಿದೆ, ಎಮಿಲ್, ಪತ್ರಕರ್ತರ ಕಟ್ಟೆಯಲ್ಲಿ ಕೂತು, ಪೆನ್ಸಿಲಿನಲ್ಲಿ. ಎರಡನೇ ಸಲ ಹಾಕಲಾರೆ.

ಅವನೊಬ್ಬನನ್ನು ಬಿಟ್ಟು ಬೇರೆಯವರಿಗೆ ಗುರುತು ಹಾಕಿದರೆ ಅವನ ವಿರುದ್ಧ ಹಾಕಿದ ಹಾಗಾಗುತ್ತದೆ. ಅದೂ ಬೇಡ. ಆದ್ದರಿಂದ ಈ ವರ್ಷ ಇದನ್ನು ಕಳಿಸುವುದೇ ಇಲ್ಲ. ಮೇಜಿನ ಡ್ರಾಯರಿನಲ್ಲಿ ಹಳೆಯ ಬಿಲ್ಲುಗಳ ಕೆಳಗೆ ಹಾಕಿಬಿಡುತ್ತೇನೆ.

ಬೈಯುವುದಾದರೆ ಬೈ. ನಾನು ಎದುರುತ್ತರ ಕೊಡುವುದಿಲ್ಲ.

ಲಾಯ್ಡ್ ಟೆನ್ನಿ


ಈರಿ
11 ಡಿಸೆಂಬರ್ 2003

ಲಾಯ್ಡ್,

ಬೈಯುವುದಿಲ್ಲ. ಎರಡು ದಿನ ಬೈದೆ, ಕೇಳಿಸಿಕೊಂಡವಳು ವೆರಾ.

ಆ ಭಾನುವಾರ ನಾನು ಅಲ್ಲಿದ್ದೆ, ಮೂರನೇ ಬೇಸಿನ ಬದಿಯಲ್ಲಿ. ಆ ಚೆಂಡು ನನಗೆ ಈಗಲೂ ಕಾಣುತ್ತದೆ. ಕೊನೆಯ ಗಳಿಗೆಯಲ್ಲಿ ಒಂದು ಕಲ್ಲಿಗೆ ತಾಗಿ ಪುಟಿಯಿತು. ಯಾರೂ ಹಿಡಿಯುವಂತಿರಲಿಲ್ಲ. ಮೂವತ್ತು ವರ್ಷ ಕನ್ನಡಕದ ಗಾಜು ಉಜ್ಜಿದವನು ನಾನು. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ. ಹಾಗೆಂದು ವೆರಾಗೆ ಹೇಳಿದೆ.

"ನೀನೆಲ್ಲಿ ನೋಡ್ದೆ?" ಅಂದಳು. "ನೀನು ಹಾಟ್ ಡಾಗ್ ಸಾಲಲ್ಲಿ ನಿಂತಿದ್ದೆ. ಜನ ಕೂಗಿದ ಮೇಲೆ ಓಡಿ ಬಂದೆ. ಸಾಸಿವೆ ಪೂರ್ತಿ ನನ್ನ ಕೋಟಿಗೆ ಚೆಲ್ಲಿದ್ದು ಮರ್ತೋಯ್ತಾ?"

ಇದು ನಿಜವಿರಲಾರದು. ಆದರೆ ಅವಳು ಕೋಟಿನ ಬಣ್ಣವನ್ನೂ ಹೇಳುತ್ತಾಳೆ.

ಇರಲಿ. ನಿನ್ನ ಕೈ ಓಡದಿದ್ದರೆ ಓಡದು. ಬಲವಂತ ಮಾಡುವುದಿಲ್ಲ. ನಿಜ ಹೇಳಬೇಕೆಂದರೆ ನಿನ್ನ ಮತ ಈ ವರ್ಷ ಅವನಿಗೆ ಬೇಕಾಗಿಯೂ ಇಲ್ಲ. ನಾನೂರ ಐದಲ್ಲದಿದ್ದರೆ ನಾನೂರ ನಾಲ್ಕು.

ಆದರೆ ಡ್ರಾಯರಿನ ಮಾತು ನನಗೆ ಸರಿ ಕಾಣಲಿಲ್ಲ. ಅದು ಅಡಗಿಕೊಂಡ ಹಾಗೆ. ಹತ್ತು ವರ್ಷ ಈ ಕೆಲಸ ಮಾಡಿದವರಿಗೆ ಮಾತ್ರ ಆ ಕಾಗದ ಬರುತ್ತದೆ. ನನ್ನಂಥವನು ಜೀವಮಾನ ಪೂರ್ತಿ ಅದನ್ನು ಕಣ್ಣಲ್ಲಿ ಕಂಡಿಲ್ಲ. ಯಾರಿಗೂ ಹಾಕಲು ಮನಸ್ಸಿಲ್ಲದಿದ್ದರೆ ಅದನ್ನೇ ಹೇಳು. ಒಂದೂ ಗುರುತು ಹಾಕದೆ, ಕೆಳಗೆ ಸಹಿ ಮಾಡಿ, ಖಾಲಿಯಾಗಿ ಕಳಿಸು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸಂಘದ ಚುನಾವಣೆಯ ಚೀಟಿ ಎಣಿಸಿದವನು ನಾನು. ಖಾಲಿ ಚೀಟಿ ಬಂದರೆ ಅದನ್ನು ಬೇರೆ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ಅದು ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ. ಒಟ್ಟು ಲೆಕ್ಕಕ್ಕೆ ಸೇರುವುದಿಲ್ಲ. ಬಂದಿದ್ದ, ಸುಮ್ಮನಿದ್ದ, ಹೋದ, ಅಷ್ಟೇ. ನಿನಗೆ ಬೇಕಾಗಿರುವುದು ಅದೇ ಅಲ್ಲವೇ?

ಡಿಸೆಂಬರ್ 31ರ ಮುದ್ರೆ ಬೀಳಬೇಕು. ಮರೆಯಬೇಡ.

ಎಮಿಲ್


ಟೂಸಾನ್
29 ಡಿಸೆಂಬರ್ 2003

ಎಮಿಲ್,

ನೀನು ಹೇಳಿದ ಹಾಗೆ ಮಾಡಿದೆ. ಅಂಚೆ ಕಚೇರಿಯಲ್ಲಿ ಸಾಲು ಇತ್ತು. ನನ್ನ ಹಿಂದಿದ್ದ ಹೆಂಗಸು ಕ್ರಿಸ್ಮಸ್‌ಗೆ ಬಂದ ಉಡುಗೊರೆಗಳನ್ನೆಲ್ಲ ವಾಪಸು ಕಳಿಸುತ್ತಿದ್ದಳು, ಒಂದೊಂದಕ್ಕೂ ಕಾರಣ ಹೇಳುತ್ತಿದ್ದಳು. ನಾನೂ ಒಂದನ್ನು ವಾಪಸು ಕಳಿಸುತ್ತಿದ್ದೇನೆ ಅಂದೆ. ಅಳತೆ ಸರಿಯಾಗಲಿಲ್ವಾ ಎಂದು ಕೇಳಿದಳು.

ಡ್ರಾಯರಿಗಿಂತ ಇದು ಮೇಲು. ಹಗುರ ಅನಿಸುತ್ತಿದೆ. ನನ್ನ ವಯಸ್ಸಿನಲ್ಲಿ ಹಗುರ ಅನಿಸಿದರೆ ವೈದ್ಯರಿಗೆ ತೋರಿಸಬೇಕು ಎನ್ನುತ್ತಾಳೆ ಜಾಯ್ಸ್.

ಲಾಯ್ಡ್


ಈರಿ
6 ಜನವರಿ 2004, ಸಂಜೆ
(ಈ ಪತ್ರವನ್ನು ಆಗ ಕಳಿಸಲಿಲ್ಲ)

ಲಾಯ್ಡ್,

ಮಧ್ಯಾಹ್ನ ಎರಡಕ್ಕೆ ರೇಡಿಯೋದಲ್ಲಿ ಹೇಳಿದರು. ಯಾರೂ ಇಲ್ಲ. ಈ ವರ್ಷ ಬರಹಗಾರರು ಒಬ್ಬರನ್ನೂ ಆರಿಸಲಿಲ್ಲ. ಐನೂರ ಇಪ್ಪತ್ಮೂರು ಮತಪತ್ರ ಬಂದಿದ್ದವು. ಕ್ರೋಲ್‌ಗೆ ಮುನ್ನೂರ ತೊಂಬತ್ತೆರಡು. ಇಷ್ಟು ಹತ್ತಿರ ಬಂದು ತಪ್ಪಿಹೋದವರು ಇಲ್ಲವೆಂದು ರೇಡಿಯೋದವನು ಎರಡು ಸಲ ಹೇಳಿದ, ಖುಷಿಯಾದ ಹಾಗೆ.

ಐನೂರ ಇಪ್ಪತ್ಮೂರರ ಮುಕ್ಕಾಲು ಎಂದರೆ ಮುನ್ನೂರ ತೊಂಬತ್ತೆರಡೂ ಕಾಲು. ಕಾಲು ಮತ ಯಾರೂ ಹಾಕುವುದಿಲ್ಲ. ಮುನ್ನೂರ ತೊಂಬತ್ಮೂರು ಬೇಕಿತ್ತು.

ಆಮೇಲೆ ಹೇಳಿದರು, ಒಂದು ಮತಪತ್ರ ಸಹಿಯೊಂದಿಗೆ ಖಾಲಿ ಬಂದಿತ್ತು, ಅದೂ ಸೇರಿ ಐನೂರ ಇಪ್ಪತ್ಮೂರು ಎಂದು. ನಾನು ಇಲ್ಲಿನ ಪತ್ರಿಕೆಯ ಕ್ರೀಡಾ ವಿಭಾಗಕ್ಕೆ ಫೋನ್ ಮಾಡಿದೆ. ಒಬ್ಬಳು ಎತ್ತಿದಳು.

"ಖಾಲಿ ಬಂದಿದ್ದನ್ನ ಬೇರೆ ಇಡಲ್ವೇನಮ್ಮಾ?"

"ಇಲ್ಲ ಸಾರ್. ಬಂದಿದ್ದೆಲ್ಲ ಲೆಕ್ಕಕ್ಕೇ. ಖಾಲಿ ಕಳ್ಸಿದ್ರೆ ಎಲ್ಲರಿಗೂ ಬೇಡ ಅಂದ ಹಾಗೆ. ಕಳಿಸ್ದೇ ಇದ್ರೆ ಮಾತ್ರ ಲೆಕ್ಕಕ್ಕಿಲ್ಲ. ನಿಯಮದಲ್ಲೇ ಇದೆಯಲ್ಲ."

ಇದೆ. ಪುಸ್ತಕ ನನ್ನ ಹತ್ತಿರವೇ ಇದೆ. ಆ ಪುಟದ ಅಂಚಿನಲ್ಲಿ ನನ್ನದೇ ಪೆನ್ಸಿಲ್ ಗುರುತುಗಳಿವೆ. ಆ ಒಂದು ಸಾಲನ್ನು ಮಾತ್ರ, ಗೊತ್ತಿರುವುದೇ ಎಂದುಕೊಂಡು, ಇಷ್ಟು ವರ್ಷ ಓದಿಯೇ ಇರಲಿಲ್ಲ.

ನೀನು ಡ್ರಾಯರಿನಲ್ಲಿ ಇಟ್ಟಿದ್ದರೆ ಬರುತ್ತಿದ್ದದ್ದು ಐನೂರ ಇಪ್ಪತ್ತೆರಡು. ಅದರ ಮುಕ್ಕಾಲು ಮುನ್ನೂರ ತೊಂಬತ್ತೊಂದೂವರೆ. ತೊಂಬತ್ತೆರಡು ಸಾಕಿತ್ತು. ಅವನು ಒಳಗಿರುತ್ತಿದ್ದ. ನೀನು ಡ್ರಾಯರಿನಲ್ಲೇ ಇಡುತ್ತಿದ್ದೆ. ಕಳಿಸು ಎಂದವನು


ಈರಿ
9 ಜನವರಿ 2004

ಲಾಯ್ಡ್,

ಪತ್ರಿಕೆಯಲ್ಲಿ ನೋಡಿರುತ್ತೀಯ. ನನ್ನ ಅಂದಾಜು ಹದಿಮೂರು ಮತದಿಂದ ತಪ್ಪಾಯಿತು. ಇಷ್ಟು ವರ್ಷದಲ್ಲಿ ಇಷ್ಟು ದೊಡ್ಡದಾಗಿ ತಪ್ಪಿದ್ದು ಇದೇ ಮೊದಲು. ಅದರ ಬಗ್ಗೆ ಹೆಚ್ಚು ಬರೆಯಲು ಆಗುತ್ತಿಲ್ಲ.

ಅವತ್ತು ಬೆಳಿಗ್ಗೆ ಕ್ರೋಲ್‌ನ ಅಂಗಡಿಯಲ್ಲಿದ್ದೆ. ಆಯ್ಕೆಯಾದವರಿಗೆ ಮಧ್ಯಾಹ್ನದ ಒಳಗೆ ಫೋನ್ ಬರುತ್ತದೆಂದು ಊರಿಗೆಲ್ಲ ಗೊತ್ತು. ಏಳೆಂಟು ಜನ ಗಾಳ ನೋಡುವ ನೆಪದಲ್ಲಿ ನಿಂತಿದ್ದೆವು. ಯಾರೂ ಏನೂ ಕೊಳ್ಳುತ್ತಿರಲಿಲ್ಲ. ಕ್ರೋಲ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅದರ ಮೇಲೆ ಎಂದಿನ ಹುಳುವಿನ ವಾಸನೆಯ ಏಪ್ರನ್.

ಹನ್ನೊಂದು ಗಂಟೆಗೆ ಫೋನ್ ಬಂತು. ಎಲ್ಲರೂ ಕೈಯಲ್ಲಿದ್ದ ಗಾಳ ಕೆಳಗಿಟ್ಟೆವು. ಅವನು ಕೈ ಒರೆಸಿಕೊಂಡು ಎತ್ತಿದ.

"ಹಲೋ." ತುಂಬ ಹೊತ್ತು ಕೇಳಿಸಿಕೊಂಡ. "ಮಂಜುಗಡ್ಡೆ ನಾಲ್ಕು ಇಂಚು. ದಂಡೆ ಹತ್ರ ಐದಿರಬಹುದು. ಇಲ್ಲ, ಗಾಡಿ ತಗೊಂಡು ಹೋಗ್ಬೇಡಿ. ನಡ್ಕೊಂಡು ಹೋಗಿ."

ಫೋನ್ ಇಟ್ಟು ನಮ್ಮ ಕಡೆ ತಿರುಗಿ, "ಯಾರಿಗಾದ್ರೂ ಏನಾದ್ರೂ ಬೇಕಾ, ಇಲ್ಲಾ ಬೆಚ್ಚಗಿದೆ ಅಂತ ನಿಂತಿದೀರಾ?" ಅಂದ.

ಒಬ್ಬೊಬ್ಬರೂ ಒಂದೊಂದು ಡಬ್ಬಿ ಹುಳು ಕೊಂಡೆವು. ಹನ್ನೆರಡೂವರೆಗೆ ಅವನು ಏಪ್ರನ್ನಿನ ಒಳಗೆ ಕೈ ಹಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡ. ಆಗಲೇ ನಾನು ಮನೆಗೆ ಹೊರಟೆ.

ಎಮಿಲ್


ಟೂಸಾನ್
20 ಜನವರಿ 2004

ಎಮಿಲ್,

ಆ ಗುಂಡಿಯ ವಿಷಯ ನೀನು ಬರೆಯಬಾರದಿತ್ತು. ಅಥವಾ ನಾನು ಬರೆಯಬೇಕಿತ್ತು, ಮೂವತ್ತು ವರ್ಷದ ಹಿಂದೆ, ಅಂಥ ಒಂದು ಸಾಲು. ನನ್ನ ಹಳೆಯ ಸಂಪಾದಕ ಇದ್ದಿದ್ದರೆ ನಿನ್ನನ್ನು ಇಟ್ಟುಕೊಂಡು ನನ್ನನ್ನು ಕಳಿಸುತ್ತಿದ್ದ.

ಒಂದು ಮತ. ನೋಡಿದೆ. ಇಡೀ ದಿನ ತೋಟದಲ್ಲಿ ಕೂತಿದ್ದೆ. ನಾನು ಗುರುತು ಹಾಕಿದ್ದರೆ ಬರುತ್ತಿತ್ತು ಎಂಬುದು ಗೊತ್ತು, ಎಮಿಲ್. ಅದನ್ನು ನೀನು ಬಾಯಿಬಿಟ್ಟು ಹೇಳಲಿಲ್ಲ, ಅದು ನಿನ್ನ ದೊಡ್ಡತನ. ಆದರೆ ಹಾಕದೆ ಇರುವ ಹಕ್ಕು ನನಗಿತ್ತು. ಹಾಕಲಿಲ್ಲ, ಅಷ್ಟೇ. ಅವನ ಪರವಾಗಿ ಕೈ ಎತ್ತಲಿಲ್ಲ, ಆದರೆ ಅವನನ್ನು ತಳ್ಳಲೂ ಇಲ್ಲ. ಅದಕ್ಕೆ ನಿನಗೆ ನಾನು ಕೃತಜ್ಞ. ಡ್ರಾಯರಿನಲ್ಲಿ ಇಟ್ಟಿದ್ದರೆ ಹೆದರಿದವನಾಗುತ್ತಿದ್ದೆ. ಪತ್ರಿಕೆಯಲ್ಲಿ "ಒಂದು ಖಾಲಿ" ಎಂದು ಓದಿದಾಗ ಒಂಥರಾ ಸಮಾಧಾನವಾಯಿತು. ಐನೂರಕ್ಕೂ ಮೇಲಿನ ಜನರಲ್ಲಿ ಒಬ್ಬ ಪ್ರಾಮಾಣಿಕವಾಗಿ ಸುಮ್ಮನಿದ್ದಾನೆ ಅನಿಸಿತು. ನಗಬೇಡ.

ಈಗೀಗ ಚೆನ್ನಾಗಿ ನಿದ್ದೆ ಬರುತ್ತಿದೆ. ಮುಂದಿನ ತಿಂಗಳು ಇಲ್ಲಿ ತಂಡಗಳ ತಾಲೀಮು ಶುರುವಾಗುತ್ತದೆ. ವೆರಾಳನ್ನು ಕರೆದುಕೊಂಡು ಬಾ.

ಲಾಯ್ಡ್


ಟೂಸಾನ್
21 ಫೆಬ್ರವರಿ 2004
(ಕಾರ್ಡು)

ಎಮಿಲ್, ಒಂದು ತಿಂಗಳಾಯಿತು. ಫೋನ್ ಮಾಡಿದರೆ ವೆರಾ ಎತ್ತಿ, "ಅವನು ಚೆನ್ನಾಗೇ ಇದಾನೆ, ಹಿತ್ತಿಲಲ್ಲಿ ಇದಾನೆ" ಎನ್ನುತ್ತಾಳೆ. ಈರಿಯಲ್ಲಿ ಫೆಬ್ರವರಿಯಲ್ಲಿ ಹಿತ್ತಿಲಲ್ಲಿ ಏನು ಮಾಡುತ್ತೀಯ? ಕಾಯಿಲೆಯಾದರೆ ಹೇಳು. ಕೋಪವಾದರೆ ಅದನ್ನೂ ಹೇಳು. ಲಾ.


ಈರಿ
6 ಮಾರ್ಚ್ 2004

ಲಾಯ್ಡ್,

ಕಾಯಿಲೆಯಲ್ಲ. ಕೋಪವೂ ಅಲ್ಲ. ನಿನಗೆ ಬರೆಯಬೇಕಾದದ್ದನ್ನು ಜನವರಿ ಆರನೇ ತಾರೀಖಿನಂದೇ ಅರ್ಧ ಬರೆದಿದ್ದೆ. ಅದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದು. ಆಮೇಲೆ ಇಲ್ಲಿಂದ ಮುಂದೆ ಓದು.

ಓದಿದೆಯಾ? ನಿನ್ನ ಮತ ಅವನ ವಿರುದ್ಧ ಬಿತ್ತು. ಹಾಗೆ ಬೀಳುವಂತೆ ಮಾಡಿದವನು ನಾನು. ಸಂಘದ ರಟ್ಟಿನ ಪೆಟ್ಟಿಗೆಯನ್ನು ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನಿನಲ್ಲೂ ಇಟ್ಟಿರುತ್ತಾರೆ ಎಂದುಕೊಂಡೆ. ನೀನು ಕೃತಜ್ಞ ಎಂದು ಬರೆದೆ, ನಿದ್ದೆ ಬರುತ್ತಿದೆ ಎಂದು ಬರೆದೆ. ನಿನ್ನ ನಿದ್ದೆಯನ್ನು ಕಾಪಾಡುತ್ತಿದ್ದೇನೆ ಎಂದು ಆರು ವಾರ ನನಗೆ ನಾನೇ ಹೇಳಿಕೊಂಡೆ. ಕಾಪಾಡುತ್ತಿದ್ದದ್ದು ಇಪ್ಪತ್ತೇಳು ವರ್ಷ ನಿನ್ನೆದುರು ಲೆಕ್ಕದವನೆಂದು ಮೆರೆದವನ ಹೆಸರನ್ನು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿನ್ನೆ ಒಂದಾಯಿತು.

ಈಸ್ಟರ್‌ಗೆ ಮೊದಲು ಶುಕ್ರವಾರಗಳಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿದು ಊರಿಗೆಲ್ಲ ಬಡಿಸುತ್ತೇವೆ, ನಿನಗೆ ಗೊತ್ತು, ನೀನೂ ಒಂದು ಸಲ ಬಂದಿದ್ದೆ. ಎಣ್ಣೆಯ ಮುಂದೆ ಕ್ರೋಲ್. ಅವನ ಪಕ್ಕದಲ್ಲಿ ಕೋಸಿನ ಪಲ್ಯವನ್ನು ಕಾಗದದ ಬಟ್ಟಲಿಗೆ ತುಂಬುವವನು ನಾನು. ಈ ಹಂಚಿಕೆ ಮಾಡಿದ್ದು ಡೊಲೊರೆಸ್, ಅಡುಗೆಯ ಉಸ್ತುವಾರಿ ಅವಳದು. ತಪ್ಪಿಸಿಕೊಳ್ಳಲು ನೋಡಿದೆ. "ಎಲ್ಲಿಗೆ ಹೊರಟ್ಯೋ? ಕೋಸು ತಾನಾಗೇ ಬಟ್ಲಿಗೆ ಹಾರುತ್ತಾ?" ಅಂದಳು.

ಏಳು ಗಂಟೆಯ ಹೊತ್ತಿಗೆ ಸಾಲು ಕರಗಿತು. ಕ್ರೋಲ್ ಉರಿ ಸಣ್ಣ ಮಾಡಿ ಸ್ಟೂಲಿನ ಮೇಲೆ ಕೂತ. ಅವನ ಮಂಡಿಗಳು ಈಗ ಹೋಗಿವೆ. ಕೂರುವಾಗ ಶಬ್ದ ಬರುತ್ತದೆ.

"ಎರಡು ತಿಂಗಳಾಯ್ತು, ನನ್ನ ಅಂಗಡಿ ಕಡೆ ತಲೆ ಹಾಕಿಲ್ಲ ನೀನು" ಅಂದ. "ನಿನ್ನ ಹಿತ್ತಿಲ ಹುಳು ಎಲ್ಲ ಸತ್ತೋದ್ವಾ?"

"ಚಳಿ" ಅಂದೆ.

"ಹೂಂ, ಚಳಿ." ಜಾಲರಿ ಸೌಟಿನ ಎಣ್ಣೆ ಕೊಡವಿದ. "ಬೇಕಿತ್ತು ಕಣೋ. ಎಲ್ಲರೂ ಬಂದು, ಪರವಾಗಿಲ್ಲ ವೆಂಡೆಲ್, ನಮ್ಮ ಮನಸ್ಸಲ್ಲಿ ನೀನು ಒಳಗೇ ಇದೀಯ ಅಂತಾರೆ. ಅವರ ಮನಸ್ಸಲ್ಲಿ ನಾನೇನು ಮಾಡ್ಲಿ? ಅಲ್ಲಿ ಗೋಡೆ ಇದೆಯಾ, ಫಲಕ ಇದೆಯಾ? ಬೇಕಿತ್ತು. ಬೇಡ ಅಂದ್ರೆ ಸುಳ್ಳು."

ನಾನು ಬಟ್ಟಲುಗಳನ್ನು ಜೋಡಿಸುತ್ತಿದ್ದೆ. ಆಗಲೇ ಜೋಡಿಸಿದ್ದವನ್ನೇ.

"ಒಬ್ಬ ಖಾಲಿ ಕಳ್ಸಿದಾನಂತೆ" ಅಂದ. "ಮೂವತ್ತೇಳು ಸೆಂಟಿನ ಅಂಚೆಚೀಟಿ ಅಂಟಿಸಿ ಏನೂ ಹೇಳ್ದೇ ಇರೋನು. ಎಂಥ ಮನುಷ್ಯ ಇರ್ಬೇಕು ಅವನು! ನೀನು ಲೆಕ್ಕದವನಲ್ವಾ, ಹೇಳು. ಅವನು ಅದನ್ನ ಅಂಚೆ ಡಬ್ಬಕ್ಕೆ ಹಾಕ್ದೇ ಮನೇಲೇ ಇಟ್ಕೊಂಡಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರಲಿಲ್ಲ" ಅಂದೆ. "ಆಗ್ಲೂ ಒಂದು ಕಮ್ಮೀನೇ."

ಅಂಕಿಯ ವಿಷಯದಲ್ಲಿ ತಿಳಿದೂ ತಿಳಿದೂ ನಾನು ಹೇಳಿದ ಮೊದಲ ಸುಳ್ಳು ಇದು. ಅವನು ತಲೆ ಆಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಎರಡನೇ ಬೇಸಿನಲ್ಲಿ ನಿಂತಾಗಲೂ ಅವನ ಮುಖ ಹಾಗೇ ಇರುತ್ತಿತ್ತು.

ಆಮೇಲೆ, ನಾನೇನೂ ಕೇಳದಿದ್ದರೂ, 1974ರ ಮಾತು ತೆಗೆದ. ಆ ಕೊನೆಯ ಭಾನುವಾರದ್ದು. ನಾನು ನಿನ್ನ ಹೆಸರು ಎತ್ತಿರಲಿಲ್ಲ, ಇದನ್ನು ನೀನು ನಂಬಬೇಕು.

"ಫಲಕ ಹಾಕಿದ್ರೆ ಮೊದಲ ಸಾಲಲ್ಲೇ ಅದನ್ನ ಕೆತ್ತಿರೋರು" ಅಂದ. "ಆ ಚೆಂಡು ಹಿಟ್ ಅಲ್ಲ, ಎಮಿಲ್. ಬಿಟ್ಟವನು ಪಾಪ ಅದೇ ತಾನೇ ಊರಿಂದ ಬಂದ ಹುಡುಗ. ನಾನು ಮೊದಲ ಬೇಸ್ ತಲುಪಿ ತಿರುಗಿ ಅಂಕದ ಹಲಗೆ ನೋಡ್ದೆ, ಹಿಟ್ ಅಂತ ಬಂದಿತ್ತು. ಅವತ್ತು ಏನೂ ಹೇಳ್ಲಿಲ್ಲ. ತಂಡದೋರು ಹೆಗಲ ಮೇಲೆ ಹೊತ್ಕೊಂಡಿದ್ರು, ಆಗ ಏನು ಹೇಳೋದು? ಮನೆಗೆ ಹೋಗಿ ಮಲಗ್ದೆ. ಬೆಳಿಗ್ಗೆ ಏಳಕ್ಕೇ ಎದ್ದು ಟೆನ್ನಿ ಮನೆಗೆ ಫೋನ್ ಮಾಡ್ದೆ."

ನಾನು ಬಟ್ಟಲು ಕೆಳಗಿಟ್ಟೆ.

"'ಲಾಯ್ಡ್, ಅದು ಎರರ್. ಬದಲಾಯಿಸು' ಅಂದೆ. ಇಪ್ಪತ್ನಾಲ್ಕು ಗಂಟೆ ಒಳಗೆ ಬದಲಾಯಿಸೋ ಅಧಿಕಾರ ಇತ್ತು ಆಗ ಬರೆಯೋರಿಗೆ. 'ಬೋಮ್‌ಗೆ ಸೇರಬೇಕಾದ್ದು ಅದು' ಅಂದೆ. ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ, 'ಅಂಕದ ಹಾಳೆ ಟಪಾಲಿಗೆ ಹಾಕಿಯಾಯ್ತು ವೆಂಡೆಲ್, ಇನ್ನು ನನ್ನ ಕೈಲಿಲ್ಲ, ಹೋಗಿ ಮಲಕ್ಕೋ' ಅಂದ."

"ಆಮೇಲೆ?"

"ಆಮೇಲೆ ಏನು? ಮಲಕ್ಕೊಂಡೆ." ನಕ್ಕ. "ಒಂದು ಸಲ ಕೇಳ್ದೆ. ಎರಡನೇ ಸಲ ಕೇಳ್ಲಿಲ್ಲ. ಲೀಗಿನ ಕಚೇರಿಗೆ ಬರೀಬಹುದಿತ್ತು, ಬರೀಲಿಲ್ಲ. ಅವನದು ಎಷ್ಟೋ ಅಷ್ಟು ಅವನದು. ಇದು ನನ್ನ ಪಾಲು. ಅವನ ಮೇಲೆ ಹಾಕೋಕೆ ಬರಲ್ಲ."

ಡೊಲೊರೆಸ್ ಬಾಗಿಲಿನಿಂದ ಕೂಗಿದಳು, ಹಾಕಿ ಆಟದ ಹುಡುಗರು ಬಸ್ಸು ತುಂಬ ಬಂದಿದ್ದಾರೆ, ಮೂವತ್ತು ತಟ್ಟೆ ಎಂದು. ಅವನು ಮಂಡಿ ಹಿಡಿದುಕೊಂಡು ಎದ್ದು ಉರಿ ದೊಡ್ಡದು ಮಾಡಿದ.

"ಎಮಿಲ್, ಕೋಸು ಕಡಿಮೆ ಹಾಕು" ಅಂದ. "ನೀನು ಹಾಕೋ ಲೆಕ್ಕಕ್ಕೆ ಫಾದರ್ ಚರ್ಚ್ ಮಾರಬೇಕಾಗುತ್ತೆ."

ಆಮೇಲೆ ಅದರ ಮಾತು ಬರಲಿಲ್ಲ. ಒಂಬತ್ತರವರೆಗೆ ಅವನು ಕರಿದ, ನಾನು ತುಂಬಿದೆ.

ಮನೆಗೆ ಬಂದು ನಿನ್ನ ಡಿಸೆಂಬರ್ ಐದರ ಪತ್ರ ತೆಗೆದು ಮತ್ತೆ ಓದಿದೆ. ಎಲ್ಲವೂ ಇದೆ ಅದರಲ್ಲಿ, ಮೂವತ್ತು ಸಾವಿರ ಜನ, ಕೈಗವಸು, ಪೆನ್ಸಿಲ್. ಸೋಮವಾರ ಬೆಳಿಗ್ಗೆ ಇಲ್ಲ. ನೀನು ಅದನ್ನು ಮರೆತಿದ್ದೀಯ ಎಂದುಕೊಳ್ಳಲು ಪ್ರಯತ್ನಿಸಿದೆ. ವೆರಾಗೆ ಓದಿ ಹೇಳಿದೆ. "ಅಷ್ಟೆಲ್ಲ ಬರೆಯೋನು ಮರೆತಿರೋದಿಲ್ಲ ಬಿಡು" ಅಂದಳು. ದೀಪ ಆರಿಸಿ ಹೋದಳು.

ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸುವ ಯೋಗ್ಯತೆ ನನಗಿಲ್ಲ. ಅವನನ್ನು ಹೊರಗಿಟ್ಟಿದ್ದು ನನ್ನ ಸಲಹೆ, ನಿನ್ನ ಪೆನ್ಸಿಲ್ ಅಲ್ಲ. ಮುಂದಿನ ಶುಕ್ರವಾರ ಮತ್ತೆ ಅವನ ಪಕ್ಕದಲ್ಲಿ ನಿಲ್ಲಬೇಕು. ಅವತ್ತು ಅವನಿಗೆ ನಿಜವಾದ ಲೆಕ್ಕ ಹೇಳುತ್ತೇನೆ. ಐನೂರ ಇಪ್ಪತ್ತೆರಡು ಎನ್ನುತ್ತೇನೆ. ಖಾಲಿ ಕಳಿಸು ಎಂದು ಹೇಳಿಕೊಟ್ಟವನು ನಾನೇ ಎನ್ನುತ್ತೇನೆ. ಕಳಿಸಿದವನ ಹೆಸರು ಹೇಳುವುದಿಲ್ಲ. ಅದನ್ನು ಹೇಳುವುದೋ ಬಿಡುವುದೋ ನಿನ್ನದು. ಅವನ ಅಂಗಡಿಯ ನಂಬರು ಬದಲಾಗಿಲ್ಲ.

ಎಣ್ಣೆಯ ವಾಸನೆ ಇನ್ನೂ ಕೈಯಿಂದ ಹೋಗಿಲ್ಲ. ಕಾಗದಕ್ಕೂ ಹತ್ತಿರಬಹುದು.

ನಿನ್ನ,
ಎಮಿಲ್

ಕೇಳದೆ ಇರಲಾಗುತ್ತಿಲ್ಲ. ಭಾನುವಾರ ಆಟ ಮುಗಿದದ್ದು ಸಂಜೆ ಐದಕ್ಕೆ. ಅಂಚೆ ಕಚೇರಿ ಮುಚ್ಚಿತ್ತು. ಅವನು ಫೋನ್ ಮಾಡಿದ್ದು ಸೋಮವಾರ ಬೆಳಿಗ್ಗೆ ಏಳಕ್ಕೆ, ನಿನ್ನ ಮನೆಗೆ. ಲಾಯ್ಡ್, ನೀನು ಅವನಿಗೆ ಉತ್ತರ ಕೊಡುತ್ತಿದ್ದಾಗ ಆ ಹಾಳೆ ಎಲ್ಲಿತ್ತು?